ಮೆಣಸು ಹಿಡಿದ ಏಷ್ಯಾ, ಆರ್ಮಡಿಲೊ ಏರಿದ ಅಮೆರಿಕ

ಆಂಟ್‌ವರ್ಪ್‌ನ ಕಲಾವಿದ ಮಾರ್ಟೆನ್ ಡಿ ವೋಸ್ ಅಮೆರಿಕ ಕಂಡವನಲ್ಲ. ಆದರೂ 16ನೇ ಶತಮಾನದ ಕೊನೆಗೆ ಅವನು ಬರೆದ, ಆಡ್ರಿಯನ್ ಕೊಲೇರ್ಟ್ ತಾಮ್ರದ ತಗಡಿನ ಮೇಲೆ ಕೊರೆದ ‘ಅಮೆರಿಕ’ ಬಿಲ್ಲು, ಕೊಡಲಿ ಹಿಡಿದ ಹೆಂಗಸು. ಕೂತಿರುವುದು ಆರ್ಮಡಿಲೊ ಬೆನ್ನ ಮೇಲೆ! ಸಾಮಾನ್ಯವಾಗಿ ಬೆಕ್ಕಿನಷ್ಟಿರುವ ಆ ಚಿಪ್ಪಿನ ಪ್ರಾಣಿ ಇಲ್ಲಿ ಕುದುರೆಯ ಗಾತ್ರಕ್ಕೆ ಬೆಳೆದಿದೆ.

ನಾಡುಗಳು ಹೆಣ್ಣಾದದ್ದು ಹೊಸದೇನಲ್ಲ. ಲ್ಯಾಟಿನ್‌ನಲ್ಲಿ ಅವುಗಳ ಹೆಸರು ಬಹುಪಾಲು ಸ್ತ್ರೀಲಿಂಗ. ಎರಡನೇ ಶತಮಾನದ ರೋಮನ್ ದೊರೆ ಹೇಡ್ರಿಯನ್ನನ ನಾಣ್ಯಗಳಲ್ಲೇ ಆಫ್ರಿಕಾ ಆನೆಯ ತಲೆಯನ್ನು ಕಿರೀಟದಂತೆ ತೊಟ್ಟಿದ್ದಾಳೆ. ನಮ್ಮ ಭಾರತಮಾತೆಯಂತೆ ಇವರು ತಾಯಂದಿರಲ್ಲ, ಗುರುತುಚೀಟಿಗಳು. 1570ರ ಓರ್ಟೇಲಿಯಸ್ ಭೂಪಟ ಪುಸ್ತಕದ ಮುಖಪುಟ ನೋಡಿ: ಮೇಲೆ ಸಿಂಹಾಸನದಲ್ಲಿ ಯುರೋಪ್, ಕೆಳಗೆ ಕಡಿದ ರುಂಡ ಹಿಡಿದು ಬತ್ತಲೆ ಒರಗಿದ ಅಮೆರಿಕ. ಯಾರು ಯಜಮಾನಿ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇದಕ್ಕೆಲ್ಲ ಪಾಕಪುಸ್ತಕದಂಥದ್ದನ್ನು ಬರೆದವನು ಚೆಸಾರೆ ರಿಪಾ. ರೋಮಿನಲ್ಲಿ ಕಾರ್ಡಿನಲ್ ಒಬ್ಬರ ಊಟದ ಮೇಜಿನಲ್ಲಿ ಮಾಂಸ ಕೊಯ್ದು ಬಡಿಸುತ್ತಿದ್ದವನು. ಅವನ ‘ಇಕೊನೊಲೊಜಿಯಾ’ 1593ರಲ್ಲಿ ಚಿತ್ರಗಳಿಲ್ಲದೆ ಬಂತು. 1603ರಲ್ಲಿ ಮರದಚ್ಚಿನ ಚಿತ್ರಗಳು ಸೇರಿದವು. ಆಫ್ರಿಕಾಳಿಗೆ ಅದೇ ಹಳೆಯ ಆನೆಯ ತಲೆ, ಜೊತೆಗೆ ಚೇಳು. ಏಷ್ಯಾಳಿಗೆ ಹೂವಿನ ಕಿರೀಟ, ಹಿಂದೆ ಒಂಟೆ, ಒಂದು ಕೈಯಲ್ಲಿ ಧೂಪಾರತಿ, ಇನ್ನೊಂದರಲ್ಲಿ ಲವಂಗ, ಮೆಣಸಿನ ಟೊಂಗೆಗಳು. (ಮೆಣಸು ಬಿಡುವುದು ಬಳ್ಳಿಯಲ್ಲಿ ಎಂದು ಮಲೆನಾಡಿನ ಮಕ್ಕಳಿಗೂ ಗೊತ್ತು. ಬಡಿಸುವವನಿಗೆ ಬಳ್ಳಿಗಿಂತ ಕಾಳಿನ ಬೆಲೆ ಚೆನ್ನಾಗಿ ಗೊತ್ತಿದ್ದೀತು.) ಅದೇ ಕಾಲಕ್ಕೆ ಗೇರುಸೊಪ್ಪೆಯಲ್ಲಿ, ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ ನಿಜವಾಗಿಯೇ ಆಳುತ್ತಿದ್ದಳು ಎಂಬುದು ನೆನಪಿರಲಿ.

ರಿಪಾನ ಪುಸ್ತಕ ಕೈಯಲ್ಲಿದ್ದರೆ ಯಾವ ಕಲಾವಿದನೂ ಹಡಗು ಹತ್ತಬೇಕಿರಲಿಲ್ಲ. ಬರೋಕ್ ಕಾಲದ ಮುದ್ರಕರು ಅದನ್ನೇ ತಿರುವಿಹಾಕಿ ಭೂಪಟದ ಅಂಚು, ಪುಸ್ತಕದ ಮುಖಪುಟ ತುಂಬಿದರು.

ಕೊನೆಗೆ ಈ ಹೆಣ್ಣುರೂಪದ ನಾಡುಗಳು ಇಸ್ಪೀಟಿಗೂ ಇಳಿದವು. 1644ರಲ್ಲಿ, ಆರರ ಆಸುಪಾಸಿನ ಫ್ರಾನ್ಸಿನ ದೊರೆ 14ನೇ ಲೂಯಿಗೆ ಭೂಗೋಳ ಕಲಿಸಲೆಂದು ಕಾರ್ಡಿನಲ್ ಮಜಾರಿನ್ ಮಾಡಿಸಿದ ಆಟ ಅದು. ಪಠ್ಯ ಕವಿ ದೆಮಾರೆಯದು, ಚಿತ್ರ ಫ್ಲಾರೆನ್ಸ್‌ನಿಂದ ಪ್ಯಾರಿಸ್‌ಗೆ ಬಂದ ಸ್ಟೆಫಾನೊ ಡೆಲ್ಲಾ ಬೆಲ್ಲಾನದು. ಮೇಣ ಬಳಿದ ತಗಡಿನ ಮೇಲೆ ಸೂಜಿಯಿಂದ ಗೀರಿ, ಆಸಿಡ್‌ನಲ್ಲಿ ಅದ್ದಿ ತೆಗೆದ ಗೆರೆಗಳು ಕೂದಲೆಳೆಯಷ್ಟು ಸಣ್ಣ. ಒಂದೊಂದು ಬಣಕ್ಕೆ ಒಂದೊಂದು ಖಂಡ. ಎಲೆಗೊಂದು ನಾಡು, ಕೆಳಗೆ ಅದರ ಕುರಿತು ನಾಲ್ಕು ಮಾತು.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಈ ಎಲೆಗಳಿವೆ. ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು. ಹಿಗ್ಗಿಸಿ ನೋಡಿ, ಅಸಲಿ ಎಲೆ ಅಂಗೈಗಿಂತ ಚಿಕ್ಕದು.