ಸೀರೆಗಿಂತ ಫೋಟೊ ಭಾರ

ಪ್ರಶ್ನೆ: ನಮ್ಮದು ಇಳಕಲ್ ಸೀರೆಗಳ ಸಣ್ಣ ಅಂಗಡಿ. ನಮ್ಮ ವೆಬ್‌ಸೈಟ್ ಮೊಬೈಲಿನಲ್ಲಿ ಆಮೆಯಂತೆ ತೆರೆಯುತ್ತದೆ. ದುಬಾರಿ ಸರ್ವರ್ ಕೊಳ್ಳಬೇಕೇ?

ಉತ್ತರ: ದುಡ್ಡು ಬಿಚ್ಚುವ ಮೊದಲು ಫೋಟೊಗಳನ್ನು ನೋಡಿ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಸುಮಾರು 4000 ಪಿಕ್ಸೆಲ್ ಅಗಲ, ಗಾತ್ರ ಮೂರ್ನಾಲ್ಕು ಎಂಬಿ. ಗಿರಾಕಿಯ ಮೊಬೈಲ್ ಪರದೆಯೋ, ಸಾಮಾನ್ಯವಾಗಿ 1080 ಪಿಕ್ಸೆಲ್ಲಿನ ಆಸುಪಾಸು. ಇಪ್ಪತ್ತು ಸೀರೆಗಳ ಒಂದು ಪುಟಕ್ಕೆ 60 ಎಂಬಿ ಡೇಟಾ! ಚಿತ್ರದ ಅಗಲವನ್ನು 1200 ಪಿಕ್ಸೆಲ್ಲಿಗೆ ಇಳಿಸಿ, ಗೂಗಲ್ 2010ರಲ್ಲಿ ಪ್ರಕಟಿಸಿದ ವೆಬ್‌ಪಿ ಮಾದರಿಯಲ್ಲಿ ಉಳಿಸಿದರೆ ಬಹುಪಾಲು ಚಿತ್ರಗಳು ಇನ್ನೂರು ಮುನ್ನೂರು ಕೆಬಿಯೊಳಗೆ ಕೂರುತ್ತವೆ. ದಡಿಯ ನೇಯ್ಗೆ ಮಸುಕಾಗದು. ಕೆಳಗಿನ ಚಿತ್ರಗಳು ಗಿರಾಕಿ ಪುಟ ಸರಿಸಿದಾಗಷ್ಟೇ ಬರುವಂತೆ ‘ಲೇಜಿ ಲೋಡಿಂಗ್’ ಹಾಕಿಸಿ. ಮೇಲಿನ ಮೊದಲ ಚಿತ್ರಕ್ಕೆ ಮಾತ್ರ ಬೇಡ, ಅದು ಇನ್ನಷ್ಟು ತಡವಾಗುತ್ತದೆ.

ತಾನಾಗಿ ತಿರುಗುವ ಬ್ಯಾನರ್, ಪುಟಿದೇಳುವ ಚಾಟ್ ಪೆಟ್ಟಿಗೆ ಇದ್ದರೆ ತೆಗೆಸಿ (ಅವು ಗಿರಾಕಿಗಿಂತ ಮಾಲೀಕರಿಗೇ ಹೆಚ್ಚು ಇಷ್ಟ). ಆಮೇಲೆ ಗೂಗಲ್‌ನ ಉಚಿತ ಪೇಜ್‌ಸ್ಪೀಡ್ ಇನ್‌ಸೈಟ್ಸ್‌ನಲ್ಲಿ ಅಳೆಯಿರಿ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಿಸಿದರೆ ಚೆನ್ನ. ಆಗಲೂ ನಿಧಾನವೆನಿಸಿದರೆ ಸರ್ವರ್ ಎಲ್ಲಿದೆ ಎಂದು ವಿಚಾರಿಸಿ. ಅಮೆರಿಕದಲ್ಲಿದ್ದರೆ ಮುಂಬೈಗೆ ಬದಲಿಸಿಕೊಳ್ಳಿ.