ಬಾಯಿ ಬಿಡದ ಠಾಣೆ

1987ರ ಡಿಸೆಂಬರ್ 1, ರಾತ್ರಿ ಎಂಟರ ಸುಮಾರು. ಒಡಿಶಾದ ಸುಂದರ್‌ಗಢ ಜಿಲ್ಲೆಯ ಜೆರೈಕೆಲಾ ಪೊಲೀಸ್ ಹೊರಠಾಣೆಗೆ ಇಬ್ಬರು ಹೆಂಗಸರು ಊಟ ಹಿಡಿದು ಬಂದರು. ಒಬ್ಬರು ನೀಲಬತಿ ಬೆಹೆರಾ, ಇನ್ನೊಬ್ಬರು ಮನೆಯ ಅಜ್ಜಿ. ನೀಲಬತಿಯ ಮಗ ಸುಮನ್‌ಗೆ ಆಗ 22 ವರ್ಷ. ಕಳ್ಳತನದ ತನಿಖೆಗೆಂದು ಬೆಳಿಗ್ಗೆಯೇ ಅವನನ್ನು ಕರೆತಂದಿದ್ದರು. ಕೈಗೆ ಕೋಳ ಹಾಕಿ, ಇನ್ನೊಬ್ಬ ಬಂಧಿತನ ಜೊತೆ ಸೇರಿಸಿ ಕಟ್ಟಿದ್ದರು. ಅಮ್ಮ ತಂದ ಊಟವನ್ನು ಮಗ ಉಂಡ. ಹೆಂಗಸರು ಮನೆಗೆ ಮರಳಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ತಾಯಿಗೆ ಸುದ್ದಿ ಮುಟ್ಟಿತು: ಮಗನ ಹೆಣ ರೈಲು ಹಳಿಯ ಮೇಲೆ ಬಿದ್ದಿದೆ.

ಪೊಲೀಸರು ಹೇಳಿದ ಕಥೆ ಹೀಗಿತ್ತು. ಬೆಳಗಿನ ಜಾವ ಮೂರರ ಸುಮಾರಿಗೆ ಸುಮನ್ ಕಟ್ಟಿದ್ದ ಹಗ್ಗವನ್ನು ಹಲ್ಲಿನಿಂದ ಕಚ್ಚಿ ಕಡಿದು ಓಡಿಹೋದ, ರೈಲಿಗೆ ಸಿಕ್ಕಿ ಸತ್ತ. ಆರೋಪಿ ನಿಜವಾಗಿ ಓಡಿಹೋಗಿದ್ದರೆ ಠಾಣೆಯವರು ಹುಡುಕಾಡಬೇಕಿತ್ತು. ಹುಡುಕಿದ್ದಕ್ಕೆ ಸಾಕ್ಷ್ಯವೇ ಇರಲಿಲ್ಲ. ಹೆಣ ಮೊದಲು ಕಂಡದ್ದು ರೈಲ್ವೆ ಕೆಲಸಗಾರರಿಗೆ, ಪೊಲೀಸರು ಬಂದದ್ದು ಬಹಳ ಹೊತ್ತಿನ ಮೇಲೆ. ಮೈಮೇಲಿನ ಗಾಯಗಳು ಲಾಠಿ ಏಟಿನಿಂದ ಆಗಿರಬಹುದೆಂದು ಮರಣೋತ್ತರ ಪರೀಕ್ಷೆ ಮಾಡಿದ ವೈದ್ಯರು ಹೇಳಿದರು. ನೀಲಬತಿ 1988ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿಗೆ ಒಂದು ಪತ್ರ ಬರೆದರು. ಆ ಪತ್ರವನ್ನೇ ಕೋರ್ಟು ರಿಟ್ ಅರ್ಜಿಯೆಂದು ತೆಗೆದುಕೊಂಡಿತು. ಜಿಲ್ಲಾ ನ್ಯಾಯಾಧೀಶರಿಂದ ವಿಚಾರಣೆ ಮಾಡಿಸಿತು. 1993ರ ಮಾರ್ಚ್ 24ರಂದು ತೀರ್ಪು ಬಂತು: ಇದು ಕಸ್ಟಡಿ ಸಾವು, ಸರ್ಕಾರ ತಾಯಿಗೆ ಒಂದೂವರೆ ಲಕ್ಷ ರೂಪಾಯಿ ಕೊಡಬೇಕು. ಆ ಮೂವರು ನ್ಯಾಯಮೂರ್ತಿಗಳ ಪೀಠದಲ್ಲಿ ನಮ್ಮವರೊಬ್ಬರಿದ್ದರು: ಮುಂದೆ ಕರ್ನಾಟಕದ ಲೋಕಾಯುಕ್ತರಾಗಿ ದಿಢೀರ್ ದಾಳಿಗಳಿಂದ ಮನೆಮಾತಾದ ಎನ್. ವೆಂಕಟಾಚಲ.

ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಈ ತೀರ್ಪು ಗೊತ್ತು. ಪ್ರಜೆಯ ಜೀವಕ್ಕೆ ಸರ್ಕಾರವೇ ಕುತ್ತು ತಂದರೆ ಸರ್ಕಾರವೇ ಪರಿಹಾರ ತೆರಬೇಕೆಂಬ ತತ್ವ ಇದರಿಂದ ಗಟ್ಟಿಯಾಯಿತು. ಅದು ದೊಡ್ಡ ಮಾತು, ಅನುಮಾನವಿಲ್ಲ. ಆದರೆ ಆ ಹಣ ಬಂದದ್ದು ಬೊಕ್ಕಸದಿಂದ, ಅಂದರೆ ನಮ್ಮ ನಿಮ್ಮ ತೆರಿಗೆಯಿಂದ. ಏಟು ಹಾಕಿದ ಕೈ ಯಾವುದು ಎಂಬ ಪ್ರಶ್ನೆಗೆ ಪರಿಹಾರದ ಚೆಕ್ಕು ಉತ್ತರ ಕೊಡುವುದಿಲ್ಲ. ಅದಕ್ಕೆ ಕ್ರಿಮಿನಲ್ ಮೊಕದ್ದಮೆ ಬೇಕು, ಮೊಕದ್ದಮೆಗೆ ಸಾಕ್ಷಿ ಬೇಕು. ಕಷ್ಟ ಇರುವುದೇ ಅಲ್ಲಿ.

‘ಬಾಯಿ ಬಿಡಿಸುವುದು’ ಎಂಬ ಮಾತನ್ನು ನಾವೆಲ್ಲ ಎಷ್ಟು ಸಲೀಸಾಗಿ ಆಡುತ್ತೇವೆ! ನಾಲ್ಕು ಬಿಟ್ಟರೆ ಎಲ್ಲ ಕಕ್ಕುತ್ತಾನೆ ಎಂದು ಮನೆಯಲ್ಲಿ ಚಿನ್ನ ಕಳೆದುಕೊಂಡವರೂ ಹೇಳುತ್ತಾರೆ, ಸಿನಿಮಾ ನೋಡಿ ಶಿಳ್ಳೆ ಹಾಕುವವರೂ ಹೇಳುತ್ತಾರೆ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆಯಲ್ಲೇ ಬರೆದಿಟ್ಟಿದ್ದರು. ಒಪ್ಪಿಗೆ ಹೇಗೆ ಬರುತ್ತದೆಂದು ಅಂದಿನ ಬ್ರಿಟಿಷ್ ಅಧಿಕಾರಿಗಳಿಗೂ ಗೊತ್ತಿತ್ತು. ಆದರೆ ಅದೇ ಕಾಯ್ದೆಯ 27ನೇ ಕಲಂ ಒಂದು ಕಿಂಡಿ ಬಿಟ್ಟಿತು: ಆರೋಪಿಯ ಮಾತಿನಿಂದ ಕದ್ದ ಮಾಲು ಸಿಕ್ಕರೆ, ಆ ಮಾಲಿಗೆ ನೇರವಾಗಿ ಸಂಬಂಧಿಸಿದಷ್ಟು ಮಾತು ಸಾಕ್ಷ್ಯವಾಗುತ್ತದೆ. ಠಾಣೆಯ ಭಾಷೆಯಲ್ಲಿ ಇದಕ್ಕೆ ‘ರಿಕವರಿ’ ಎನ್ನುತ್ತಾರೆ. ಮಾಲು ಸಿಗಬೇಕೆಂಬ ಒತ್ತಡ ಮೇಲಿನಿಂದ ಬರುತ್ತದೆ, ಬೆರಳಚ್ಚು ತಜ್ಞರೂ ಪ್ರಯೋಗಾಲಯವೂ ದೂರ, ಲಾಠಿ ಹತ್ತಿರ. ಸುಮನ್ ಬೆಹೆರಾ ಒಳಗೆ ಹೋದದ್ದೂ ಕಳ್ಳತನದ ಕೇಸಿನಲ್ಲೇ.

ಬಾಯಿ ಬಿಡಿಸುವ ಠಾಣೆ ತಾನು ಮಾತ್ರ ಬಾಯಿ ಬಿಡುವುದಿಲ್ಲ. ಲಾಕಪ್ಪಿನಲ್ಲಿ ನಡೆದದ್ದನ್ನು ಕಂಡವರು ಯಾರು? ಹೊಡೆದವರು, ಪಕ್ಕದಲ್ಲಿ ನಿಂತವರು, ಪಹರೆಯವರು. ಎಲ್ಲರದ್ದೂ ಒಂದೇ ಸಮವಸ್ತ್ರ. ಬಂಧುತ್ವದ ಈ ಕಟ್ಟಿನಿಂದಾಗಿ ನೇರ ಸಾಕ್ಷಿ ಸಿಗುವುದು ಅಪರೂಪ ಎಂದು ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1995ರಲ್ಲೇ ನೋವಿನಿಂದ ಹೇಳಿತ್ತು.

ಆ ಕಟ್ಟು ಒಮ್ಮೆ ಬಿಚ್ಚಿತು. 2020ರ ಜೂನ್ 19ರಂದು ತಮಿಳುನಾಡಿನ ತೂತುಕುಡಿ ಜಿಲ್ಲೆಯ ಸಾತ್ತಾನ್‌ಕುಳಂನಲ್ಲಿ ಲಾಕ್‌ಡೌನ್ ವೇಳೆ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಎಂಬ ಆರೋಪದ ಮೇಲೆ ಜಯರಾಜ್ ಮತ್ತು ಅವರ ಮಗ ಬೆನಿಕ್ಸ್ ಅವರನ್ನು ಪೊಲೀಸರು ಹಿಡಿದರು. ಮರುದಿನ ಅವರನ್ನು ಕೋವಿಲ್‌ಪಟ್ಟಿ ಸಬ್‌ಜೈಲಿಗೆ ಕಳಿಸಿದರು. 22ರ ರಾತ್ರಿ ಮಗ ತೀರಿಕೊಂಡ, 23ರ ಬೆಳಗಿನ ಜಾವ ತಂದೆ. ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ವಿಚಾರಣೆಗೆ ಠಾಣೆಗೆ ಹೋದ ಮ್ಯಾಜಿಸ್ಟ್ರೇಟರಿಗೆ ಅಲ್ಲಿನ ಪೊಲೀಸರು ಲಾಠಿಗಳನ್ನು ಒಪ್ಪಿಸಲು ಹಿಂದೆಮುಂದೆ ನೋಡಿದರು. ಸಿಸಿಟಿವಿ ಇತ್ತು, ಹಾರ್ಡ್‌ಡಿಸ್ಕಿನಲ್ಲಿ ಬೇಕಾದಷ್ಟು ಜಾಗವೂ ಇತ್ತು. ಆದರೆ ದಿನದಿನದ ಚಿತ್ರ ತಾನೇ ಅಳಿಸಿಹೋಗುವಂತೆ ಅದನ್ನು ಹೊಂದಿಸಿಟ್ಟಿದ್ದರು.

ಆಗ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೇಬಲ್ ಮಾತಾಡಿದರು. ಇಬ್ಬರನ್ನೂ ರಾತ್ರಿಯಿಡೀ ಹೊಡೆದರು, ಲಾಠಿಗೂ ಮೇಜಿಗೂ ರಕ್ತ ಅಂಟಿತ್ತು ಎಂದರು. ಹೇಳುವಾಗ ಅವರು ಭಯದಿಂದ ನಡುಗುತ್ತಿದ್ದರು, ಹೇಳಿಕೆಗೆ ಸಹಿ ಹಾಕಿಸಲು ಅವರಿಗೆ ಧೈರ್ಯ ತುಂಬಬೇಕಾಯಿತು ಎಂಬುದು ಮ್ಯಾಜಿಸ್ಟ್ರೇಟರ ವರದಿಯಲ್ಲಿದೆ. ಪುರಾವೆ ನಾಶವಾಗದಂತೆ ಹೈಕೋರ್ಟು ಇಡೀ ಠಾಣೆಯನ್ನು ಕಂದಾಯ ಇಲಾಖೆಯ ಸುಪರ್ದಿಗೆ ಕೊಟ್ಟಿತು. ಸಿಬಿಐ ಒಂಬತ್ತು ಪೊಲೀಸರ ಮೇಲೆ ಕೊಲೆ ಆರೋಪ ಹೊರಿಸಿತು. ಇಷ್ಟೆಲ್ಲ ಆದದ್ದು ಒಬ್ಬ ಹೆಣ್ಣುಮಗಳು ತನ್ನ ನೌಕರಿಯನ್ನೂ ನೆಮ್ಮದಿಯನ್ನೂ ಪಣಕ್ಕಿಟ್ಟದ್ದರಿಂದ. ಅವರಂಥ ಪೊಲೀಸರ ಮೇಲೆ ನನಗಿರುವ ಗೌರವ ದೊಡ್ಡದು. ಆದರೆ ನ್ಯಾಯ ಸಿಗಬೇಕಾದರೆ ಪ್ರತಿ ಠಾಣೆಯಲ್ಲೂ ಅಂಥ ಒಬ್ಬರು ಇದ್ದೇ ಇರಬೇಕು ಎಂದರೆ, ಅದು ವ್ಯವಸ್ಥೆ ಆಗುವುದಿಲ್ಲ.

ಹಾಗೆಂದು ನಿಯಮಗಳಿಗೇನೂ ಬರವಿಲ್ಲ. ಡಿ.ಕೆ. ಬಸು ಪ್ರಕರಣದಲ್ಲಿ 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹನ್ನೊಂದು ಸೂಚನೆ ಕೊಟ್ಟಿತು. ಬಂಧನದ ಸಮಯ ಬರೆದ ಮೆಮೊ, ಅದಕ್ಕೆ ಮನೆಯವರ ಅಥವಾ ಊರಿನ ಗೌರವಸ್ಥರ ಸಹಿ, 48 ಗಂಟೆಗೊಮ್ಮೆ ವೈದ್ಯಕೀಯ ತಪಾಸಣೆ ಅದರಲ್ಲಿವೆ. 2006ರಲ್ಲಿ ಪ್ರಕಾಶ್ ಸಿಂಗ್ ಪ್ರಕರಣದ ತೀರ್ಪು ರಾಜ್ಯಕ್ಕೂ ಜಿಲ್ಲೆಗೂ ಪೊಲೀಸ್ ದೂರು ಪ್ರಾಧಿಕಾರ ಬೇಕೆಂದಿತು, ಕರ್ನಾಟಕ 2012ರಲ್ಲಿ ಕಾಯ್ದೆ ತಿದ್ದಿ ಅದಕ್ಕೆ ಜಾಗ ಮಾಡಿತು. 2020ರ ಡಿಸೆಂಬರ್‌ನಲ್ಲಿ ಪ್ರತಿ ಠಾಣೆಗೂ ಸಿಸಿಟಿವಿ ಎಂಬ ಆದೇಶವೂ ಬಂತು. ಎಲ್ಲವೂ ಒಳ್ಳೆಯವೇ. ಆದರೂ 2021ರ ಮೇ ತಿಂಗಳಲ್ಲಿ ನಮ್ಮದೇ ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಠಾಣೆಯಲ್ಲಿ, ತನಗೆ ಹೊಡೆದು ಇನ್ನೊಬ್ಬ ಬಂಧಿತನ ಮೂತ್ರ ನೆಕ್ಕಿಸಿದರು ಎಂದು ದಲಿತ ಯುವಕನೊಬ್ಬ ದೂರಬೇಕಾಯಿತು. ತನಿಖೆ ಸಿಐಡಿಗೆ ಹೋಯಿತು, ಸೆಪ್ಟೆಂಬರ್‌ನಲ್ಲಿ ಸಬ್‌ಇನ್‌ಸ್ಪೆಕ್ಟರ್ ಬಂಧನವಾಯಿತು.

ಇನ್ನೊಂದು ಗೋಡೆ ಪೂರ್ವಾನುಮತಿಯದು. ಕರ್ತವ್ಯದ ನೆಪದಲ್ಲಿ ಮಾಡಿದ ಕೃತ್ಯಕ್ಕಾಗಿ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಕರ್ನಾಟಕ ಪೊಲೀಸ್ ಕಾಯ್ದೆಯ 170ನೇ ಕಲಂ ಸರ್ಕಾರದ ಅನುಮತಿ ಕೇಳುತ್ತದೆ. ಅಧಿಕಾರ ಮೀರಿ ನಡೆದಿದ್ದರೂ, ಕೃತ್ಯಕ್ಕೂ ಕರ್ತವ್ಯಕ್ಕೂ ತಕ್ಕ ನಂಟಿದ್ದರೆ ಅನುಮತಿ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ ಕರ್ನಾಟಕದ ಪ್ರಕರಣವೊಂದರಲ್ಲಿ 2020ರ ಜೂನ್ 18ರಂದು ಹೇಳಿತು. ಸಾತ್ತಾನ್‌ಕುಳಂನ ತಂದೆ–ಮಗನನ್ನು ಎಳೆದೊಯ್ದದ್ದು ಅದರ ಮರುದಿನ.

ಸಾಕ್ಷಿ ಸಿಗದ ಕಷ್ಟಕ್ಕೊಂದು ಮದ್ದು ಬಹಳ ಹಿಂದೆಯೇ ಬರೆದಿಟ್ಟಿದೆ. ಮಹಾರಾಷ್ಟ್ರದ ಠಾಣೆಯೊಂದರಲ್ಲಿ 1972ರಲ್ಲಿ ಆದಿವಾಸಿ ಹುಡುಗಿಯ ಮೇಲೆ ನಡೆದ ಅತ್ಯಾಚಾರದಲ್ಲಿ ಪೊಲೀಸರು ಖುಲಾಸೆಯಾದಾಗ ದೇಶದ ಹೆಂಗಸರು ಬೀದಿಗಿಳಿದರು. 1983ರಲ್ಲಿ ಸಾಕ್ಷ್ಯ ಕಾಯ್ದೆಗೆ 114ಎ ಸೇರಿತು. ಕಸ್ಟಡಿಯಂಥ ಸಂದರ್ಭಗಳಲ್ಲಿ ತಾನು ಒಪ್ಪಿರಲಿಲ್ಲ ಎಂದು ಸಂತ್ರಸ್ತೆ ಹೇಳಿದರೆ, ನ್ಯಾಯಾಲಯ ಹಾಗೆಂದೇ ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಆರೋಪಿಯದು. 1985ರಲ್ಲಿ ಕಾನೂನು ಆಯೋಗ ತನ್ನ 113ನೇ ವರದಿಯಲ್ಲಿ ಇದರ ಪಕ್ಕಕ್ಕೇ 114ಬಿ ಬೇಕೆಂದಿತು. ಕಸ್ಟಡಿಯಲ್ಲಿದ್ದಾಗ ಗಾಯವಾಗಿದ್ದರೆ ಅದನ್ನು ಪೊಲೀಸರೇ ಮಾಡಿದ್ದೆಂದು ನ್ಯಾಯಾಲಯ ಭಾವಿಸಬಹುದು, ಹೇಗಾಯಿತೆಂದು ಅವರು ವಿವರಿಸಲಿ. ಅಷ್ಟೇ. ಪ್ರಾಮಾಣಿಕ ಅಧಿಕಾರಿಗೆ ಇದರಿಂದ ಯಾವ ಭಯವೂ ಇಲ್ಲ. ಠಾಣೆಯೊಳಗೆ ನಡೆದದ್ದು ಠಾಣೆಗೆ ಗೊತ್ತು. ಹೊರಗೆ ಊಟದ ಬುತ್ತಿ ಹಿಡಿದು ನಿಂತ ತಾಯಿ ಅದನ್ನು ಹೇಗೆ ರುಜುವಾತು ಮಾಡಿಯಾಳು?

ಆಯೋಗ ಆಮೇಲೂ ಈ ಮಾತನ್ನು ಹೇಳಿತು, 2017ರ ವರದಿಯಲ್ಲೂ ಹೇಳಿತು. ಚಿತ್ರಹಿಂಸೆ ತಡೆ ಮಸೂದೆ 2010ರಲ್ಲಿ ಲೋಕಸಭೆ ದಾಟಿ ರಾಜ್ಯಸಭೆಯಲ್ಲಿ ನಿಂತುಹೋಯಿತು. ಚಿತ್ರಹಿಂಸೆ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿತು, ಅನುಮೋದಿಸಲಿಲ್ಲ.

2024ರ ಜುಲೈ 1ರಂದು ಹಳೆಯ ಸಾಕ್ಷ್ಯ ಕಾಯ್ದೆ ಹೋಗಿ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂತು. ಇಡೀ ಕಾಯ್ದೆಯನ್ನು ಹೊಸದಾಗಿ ಬರೆಯುವ ಅವಕಾಶ ಅದು. ವರದಕ್ಷಿಣೆ ಸಾವಿನ ಪೂರ್ವಭಾವನೆ 118ನೇ ಕಲಂ ಆಗಿ ಅದರಲ್ಲಿ ಉಳಿದಿದೆ, 114ಎ ಈಗ 120ನೇ ಕಲಂ. ಠಾಣೆಯಲ್ಲಾದ ಗಾಯಕ್ಕೆ ಅದರಲ್ಲೂ ಒಂದು ಕಲಂ ಇಲ್ಲ.