ಚಂದ್ರಕಾಳಿ ಉಟ್ಟ ಮದುಮಗಳು

ಮದುವೆ ಹಂದರದಲ್ಲಿ ಕಪ್ಪು ಬಟ್ಟೆ ಕಂಡರೆ ಮುಖ ಸಿಂಡರಿಸುವ ಹಿರಿಯರು ಇವತ್ತು ಎಲ್ಲ ಊರಲ್ಲೂ ಇದ್ದಾರೆ. ಆದರೆ 19ನೇ ಶತಮಾನದ ಬೆಳಗಾವಿ–ಧಾರವಾಡ ಸೀಮೆಯ ಅನುಕೂಲಸ್ಥ ಮನೆಗಳಲ್ಲಿ ಮದುಮಗಳ ಜವಳಿಯಲ್ಲಿ ಒಂದು ಕಪ್ಪು ಸೀರೆ ಇರಲೇಬೇಕಿತ್ತು. ಅದೇ ಚಂದ್ರಕಾಳಿ: ಕಪ್ಪು ರೇಷ್ಮೆಯ ಒಡಲು, ಕೆಂಪು ಸೆರಗು, ಮೇಲೆ ಕೈಯಿಂದ ತೆಗೆದ ಕಸೂತಿ. ತವರಿನಿಂದ ಹೋಗುವ ಮಗಳಿಗೆ ಬಂಗಾರದಷ್ಟೇ ಜತನದಿಂದ ಕೊಡುತ್ತಿದ್ದ ಬಟ್ಟೆ ಅದು.

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಂಥ ಊರಿನಿಂದ ನೋಡಿದರೆ ಈ ಉಡುಗೆಯ ಭೂಗೋಳ ಸ್ಪಷ್ಟವಾಗುತ್ತದೆ. ರಾಮದುರ್ಗ, ಸುರೇಬಾನ ಇಂದಿಗೂ ಮಗ್ಗದ ಸದ್ದು ಕೇಳುವ ಊರುಗಳು. ಮೂಡಣಕ್ಕೆ ಹೋದರೆ ಕುಬಸದ ಖಣಕ್ಕೆ ಹೆಸರಾದ ಗುಳೇದಗುಡ್ಡ, ಅದರಾಚೆ ಸೀರೆಯ ಇಳಕಲ್ಲು. ಪಡುವಣಕ್ಕೆ ಸವದತ್ತಿ; ಅಲ್ಲಿನ ಗುಡ್ಡದ ಎಲ್ಲಮ್ಮನಿಗೆ ಉಡಿ ತುಂಬಲು ಇದೇ ಖಣ ಬೇಕು. ಮಲಪ್ರಭೆಯ ಎರೆ ಹೊಲಗಳಲ್ಲಿ ಹತ್ತಿಯೂ ಇತ್ತು, ಹೂವಿನಿಂದ ಬಣ್ಣ ಕೊಡುವ ಕುಸುಬಿಯೂ ಇತ್ತು. ಮದುವೆ ಬಟ್ಟೆಯ ನೇಯ್ಗೆಗೆ ದೂರದ ಪಟ್ಟಣದ ಹಂಗಿರಲಿಲ್ಲ.

ಇಳಕಲ್ ಸೀರೆಯ ಜಾಣ್ಮೆಯೆಲ್ಲ ಅದರ ಸೆರಗಿನಲ್ಲಿದೆ. ಒಡಲಿನ ಹಾಸು ಸಾಮಾನ್ಯವಾಗಿ ಹತ್ತಿ ನೂಲಿನದು, ಸೆರಗಿನ ಹಾಸು ಕೆಂಪು ರೇಷ್ಮೆಯದು. ಎರಡರ ತುದಿಗಳನ್ನು ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ನೇಯ್ಗೆ ಮುಂದುವರಿಯುವುದು. ಹೀಗಾಗಿ ಒಂದು ಸೀರೆಗೆ ಒಂದು ಹಾಸು. ಮುಂದಿನದಕ್ಕೆ ಮತ್ತೆ ಮೊದಲಿನಿಂದ ಕೊಂಡಿ ಕೂಡಿಸಬೇಕು. ದುಬಾರಿ ರೇಷ್ಮೆಯನ್ನು ಎದ್ದು ಕಾಣುವ ಜಾಗದಲ್ಲಿ ಮಾತ್ರ ಬಳಸಿ, ರೈತನ ಮನೆಯ ಮಗಳಿಗೂ ರೇಷ್ಮೆ ಸೆರಗು ದಕ್ಕುವಂತೆ ಮಾಡಿದ ನೇಕಾರರ ಈ ಉಪಾಯಕ್ಕೆ ಸಿಗಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ. ಕೆಂಪಿನ ನಡುವೆ ಬಿಳಿಯ ಪಟ್ಟಿಗಳು, ಜೋಳದ ತೆನೆಯಂತೆ ಏಳುವ ಟೋಪ ತೆನಿ, ಬಾಚಣಿಕೆಯ ಹಲ್ಲಿನಂಥ ಹಣಿಗೆ, ಕೋಟೆಯ ತೆನೆಗಳು. ದಡಿಗೂ ಗೋಮಿ, ಪರಾಸಪೇಟ, ಗಾಡಿ ಎಂದು ಬೇರೆ ಬೇರೆ ಹೆಸರು.

ಇದರ ಮೇಲೆ ಕಸೂತಿ. ಗವಂತಿ, ಮುರಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯೇ ಇಲ್ಲ. ಎಳೆ ಎಣಿಸಿಯೇ ಸೂಜಿ ಹಾಕಬೇಕು. ಗಂಟು ಹಾಕುವಂತಿಲ್ಲ. ಗವಂತಿ, ಮುರಗಿಯಲ್ಲಂತೂ ಒಳಮೈ ಹೊರಮೈ ಎರಡೂ ಒಂದೇ. ಸೆರಗಿನ ಹತ್ತಿರ ತೇರು, ಗೋಪುರ, ಆನೆ ಅಂಬಾರಿ, ತುಳಸಿ ಕಟ್ಟೆ ದೊಡ್ಡದಾಗಿ ಬಂದರೆ, ಒಡಲಿಗೆ ಸರಿದಂತೆ ಚಿಕ್ಕ ಚಿಕ್ಕ ಚಿಕ್ಕಿಗಳಾಗುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಹೆಣ್ಣುಮಕ್ಕಳು ಇಷ್ಟು ಕರಾರುವಾಕ್ಕಾದ ಲೆಕ್ಕವನ್ನು ಬೆರಳಲ್ಲೇ ಇಟ್ಟುಕೊಂಡಿದ್ದರು.

ಜೇಮ್ಸ್ ಕ್ಯಾಂಪ್‌ಬೆಲ್ ಸಂಪಾದಿಸಿದ ಬೆಳಗಾವಿ ಗೆಜೆಟಿಯರ್ ಪ್ರಕಟವಾದದ್ದು 1884ರಲ್ಲಿ. ಜಿಲ್ಲೆಯ ಒಂದೊಂದು ಸಮುದಾಯದ ಉಡುಗೆ, ಆಭರಣ, ಮದುವೆಯ ಶಾಸ್ತ್ರಗಳನ್ನು ಅದು ಬರೆದಿಟ್ಟಿದೆ. ಕಚ್ಚೆ ಹಾಕಿ ಉಡುವವರು, ಕಚ್ಚೆಯಿಲ್ಲದೆ ನಿರಿಗೆ ಇಳಿಬಿಟ್ಟು ಉಡುವವರು ಎಂದು ಉಡುವ ರೀತಿಯಲ್ಲೇ ಮನೆತನ ತಿಳಿಯುತ್ತಿದ್ದ ಕಾಲ ಅದು. ಸೀರೆಗೆ ಎಂಟು–ಒಂಬತ್ತು ಗಜದ ಉದ್ದ. ಮೇಲೆ ಎದೆಯ ಮುಂದೆ ಗಂಟು ಹಾಕುವ ಖಣದ ಕುಬಸ. ಮೂಗಿಗೆ ನತ್ತು, ಕಿವಿಗೆ ಬುಗುಡಿ, ತೋಳಿಗೆ ವಂಕಿ, ಕೈಗೆ ಪಾಟ್ಲಿ ಬಿಲ್ವಾರ, ನಡುವಿಗೆ ಡಾಬು, ಹಣೆಗೆ ಬಾಸಿಂಗ. ಮದುಮಗನಿಗೆ ಧೋತರ, ಅಂಗಿ, ಶಲ್ಯ, ರುಮಾಲು.

ಇಷ್ಟೆಲ್ಲ ಹೊತ್ತು ಅಕ್ಕಿಕಾಳಿಗೆ ನಿಲ್ಲುತ್ತಿದ್ದವಳು ಬಹುಪಾಲು ಒಂದು ಮಗು ಎಂಬುದನ್ನು ಮರೆಯುವಂತಿಲ್ಲ. ದೈಹಿಕ ಸಂಬಂಧಕ್ಕೆ ಒಪ್ಪಿಗೆಯ ವಯಸ್ಸನ್ನು 10ರಿಂದ 12ಕ್ಕೆ ಏರಿಸಿದ ಕಾಯ್ದೆ ಬಂದದ್ದೇ 1891ರಲ್ಲಿ. ಒಂಬತ್ತು ಗಜದ ಸೀರೆ ಆ ಮೈಗೆ ಭಾರ. ಎಳೆಯ ಹುಡುಗಿಯರಿಗೆ ಪುಟ್ಟ ಸೀರೆಯಾದ ಕಿರಿಗಿಯೇ ತಕ್ಕದ್ದು. ದೊಡ್ಡ ಸೀರೆಗಳು ಅವಳು ಬೆಳೆಯುವವರೆಗೆ ಪೆಟ್ಟಿಗೆಯಲ್ಲಿ ಕಾಯುತ್ತಿದ್ದವು. ಆ ಸೀರೆಗಳ ಚೆಲುವನ್ನು ಹೊಗಳುವಾಗ ಈ ಸಂಕಟವನ್ನೂ ಹೇಳಬೇಕು.

ಅದೇ ಶತಮಾನದಲ್ಲಿ, 1840ರ ಫೆಬ್ರುವರಿ 10ರಂದು, ಇಂಗ್ಲೆಂಡಿನ ರಾಣಿ ವಿಕ್ಟೋರಿಯಾ ಬಿಳಿ ಸ್ಯಾಟಿನ್ ಉಡುಪಿನಲ್ಲಿ ಮದುವೆಯಾದಳು. ಮದುಮಗಳೆಂದರೆ ಬಿಳಿ ಗೌನು ಎಂಬ ಫ್ಯಾಷನ್ ಹಬ್ಬಿದ್ದು ಅಲ್ಲಿಂದ ಮುಂದೆ. ಆದರೆ ಯುರೋಪಿನ ರೈತಾಪಿ ಮನೆಗಳಲ್ಲಿ ಕಪ್ಪು ಉಡುಪಿನ ಮದುಮಗಳು ಆಗ ಅಪರೂಪವಾಗಿರಲಿಲ್ಲ. ಮದುವೆಯ ಬಟ್ಟೆ ಮುಂದೆ ಹಬ್ಬಕ್ಕೂ ದೇವರ ಗುಡಿಗೂ ಬರಬೇಕು ಎಂಬ ಲೆಕ್ಕ ಅವರದು. ಚಂದ್ರಕಾಳಿಯ ಮನೆಗಳ ಲೆಕ್ಕವೂ ಬೇರೆಯಾಗಿರಲಿಕ್ಕಿಲ್ಲ.

ಚಂದ್ರಕಾಳಿಯ ಈ ಲೋಕ ಕದಲಿದ್ದು ಶತಮಾನದ ಉತ್ತರಾರ್ಧದಲ್ಲಿ. 1876–78ರ ಮಹಾ ಬರಗಾಲ ಈ ಸೀಮೆಯ ರೈತರನ್ನೂ ಅವರನ್ನೇ ನಂಬಿದ್ದ ನೇಕಾರರನ್ನೂ ಒಟ್ಟಿಗೇ ಕೆಡವಿತು. ಉಣ್ಣಲು ಇಲ್ಲದವರು ಸೀರೆ ಎಲ್ಲಿಂದ ಕೊಂಡಾರು? ಅದರ ಹಿಂದೆಯೇ, 1880ರ ದಶಕದಲ್ಲಿ, ಗದಗ–ಬಾಗಲಕೋಟೆ–ವಿಜಯಪುರದ ರೈಲು ದಾರಿ ಬಂತು. ಗೋಕಾಕದ ಜಲಪಾತದ ಬಳಿ ನೂಲಿನ ಗಿರಣಿ ಎದ್ದಿತು. ಗಿರಣಿ ನೂಲು ಮಗ್ಗದ ಮನೆಗೇ ನಡೆದುಬಂತು. ಬಣ್ಣದ ಕಥೆಯೂ ಅಷ್ಟೇ. ಬೇರಿನಿಂದ ತೆಗೆಯುತ್ತಿದ್ದ ಕೆಂಪಿಗೆ ಎದುರಾಳಿಯಾಗಿ ಕೃತಕ ಅಲಿಜರಿನ್ 1869ರಲ್ಲೇ ಯುರೋಪಿನಲ್ಲಿ ತಯಾರಾಗಿತ್ತು; 1897ರಲ್ಲಿ ಜರ್ಮನಿಯ ಕೃತಕ ನೀಲಿ ಮಾರುಕಟ್ಟೆಗೆ ಇಳಿಯಿತು. ಕುಸುಬಿ ಹೂವಿನ ಬಣ್ಣ ಮರೆತುಹೋಗಿ ಬೀಜದ ಎಣ್ಣೆಯಷ್ಟೇ ಉಳಿಯಿತು. ಆದರೂ ಸೆರಗಿನ ವಿನ್ಯಾಸ ಬದಲಾಗಲಿಲ್ಲ. ಬಣ್ಣ, ನೂಲು, ಕೊಳ್ಳುವ ಪೇಟೆ ಎಲ್ಲವೂ ಬದಲಾದರೂ ಕೊಂಡಿ ಕೂಡಿಸುವ ವಿದ್ಯೆ ಕೈಯಿಂದ ಕೈಗೆ ಉಳಿದುಬಂತು. ಇಳಕಲ್ ಸೀರೆಗೂ ಕಸೂತಿಗೂ ಈಗ ಭೌಗೋಳಿಕ ಸೂಚಕದ ಮಾನ್ಯತೆ ಇದೆ.

ಮಾನ್ಯತೆಯ ಕಾಗದ ಹಳೆಯ ಸೀರೆಯನ್ನು ಕಾಯಲಾರದು. ಸಾಲಹಳ್ಳಿ, ಬೈಲಹೊಂಗಲ, ಕಿತ್ತೂರು, ಸವದತ್ತಿಯ ಮನೆಗಳ ಟ್ರಂಕುಗಳಲ್ಲಿ ಮುತ್ತಜ್ಜಿಯ ಚಂದ್ರಕಾಳಿ ಇದ್ದರೆ ಅದನ್ನು ಕತ್ತರಿಸಿ ದಿಂಬಿನ ಚೀಲ ಮಾಡಬೇಡಿ, ಪಾತ್ರೆಯವರಿಗೆ ಕೊಡಬೇಡಿ. ಪ್ಲಾಸ್ಟಿಕ್ ಚೀಲದಿಂದ ತೆಗೆದು ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ. ವರ್ಷಕ್ಕೆರಡು ಸಲ ನೆರಳಲ್ಲಿ ಗಾಳಿಗೆ ಹಾಕಿ, ಮಡಿಕೆ ಬದಲಿಸಿ ಮಡಿಚಿ. ಯಾರು ಉಟ್ಟದ್ದು, ಯಾವ ಊರಿನಿಂದ ಬಂದದ್ದು, ಕಸೂತಿ ಯಾರ ಕೈಯದು ಎಂಬುದನ್ನು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗೇ ಇಡಿ.